ಅಂಗನವಾಡಿಯೋ, ಮಾಂಟೆಸರಿಯೋ, ನರ್ಸರಿಯೋ? ಶಿರಸಿ–ಕಾರವಾರ ಕಡೆಯಲ್ಲಿ ಚುರುಕು ಮಗುವಿಗೆ ಜಾಗ ಹುಡುಕುವವರಿಗೆ

ಫೆಬ್ರವರಿಯ ಒಂದು ಮಧ್ಯಾಹ್ನ ಮಾವನವರು ಜಗಲಿಯಲ್ಲಿ ಕೂತು ಸುಲಿದ ಚಾಲಿ ಅಡಿಕೆ ಆರಿಸುತ್ತಿದ್ದರು. ಮಗಳಿಗೆ ಮೂರು ತುಂಬಲು ಇನ್ನೂ ಮೂರು ತಿಂಗಳಿತ್ತು. ಅಜ್ಜನ ಪಕ್ಕ ಕೂತವಳು ತನ್ನ ಪಾಡಿಗೆ ಹನ್ನೊಂದು ಅಡಿಕೆ ತೆಗೆದು, ಮೆಟ್ಟಿಲ ಅಂಚಿಗೆ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಳು. ಯಾರೂ ಹೇಳಿಕೊಟ್ಟದ್ದಲ್ಲ. ಎರಡು ಅಡಿಕೆ ಹೆಚ್ಚುಕಡಿಮೆ ಒಂದೇ ಗಾತ್ರದವು. ಅವನ್ನು ಅಕ್ಕಪಕ್ಕ ಹಿಡಿದು, ತಿರುಗಿಸಿ, ಮತ್ತೆ ಜಾಗ ಬದಲಿಸಿದಳು. ಆಮೇಲೆ ಒಂದನ್ನು ಎತ್ತಿ ಹಿಡಿದು, "ಅಜ್ಜಾ, ಇದಕ್ಕೆ ಎಂತಕ್ಕೆ ತೂತು?" ಅಂದಳು. ಹುಳ ತಿಂದಿದ್ದು ಅಂದರು ಅಜ್ಜ. "ಹುಳ ಎಲ್ಲಿ ಹೋತು?" ಮಾವ ಕೆಲಸ ನಿಲ್ಲಿಸಿ, ಅಡಕತ್ತರಿಯಲ್ಲಿ ಆ ಅಡಿಕೆಯನ್ನು ಎರಡು ಹೋಳು ಮಾಡಿ ತೋರಿಸಿದರು. ಹುಳ ಇರಲಿಲ್ಲ, ಅದು ಕೊರೆದ ದಾರಿ ಇತ್ತು. ಮಗಳು ಆ ದಾರಿಯ ಮೇಲೆ ಉಗುರು ಓಡಿಸುತ್ತ ತುಂಬ ಹೊತ್ತು ಕೂತಿದ್ದಳು.

ಅದೇ ವಾರ ಮನೆಗೆ ಬಂದ ನೆಂಟರೆಲ್ಲ ಒಂದೇ ಮಾತು ಹೇಳಿದರು: "ಇಷ್ಟು ಚುರುಕಿದ್ದಾಳೆ, ಈಗಲೇ ಒಳ್ಳೆ ನರ್ಸರಿಗೆ ಹಾಕಿಬಿಡಿ." ಒಳ್ಳೆಯದು ಅಂದರೆ ಯಾವುದು ಅಂತ ಕೇಳಿದರೆ ಒಬ್ಬರು ಬಿಲ್ಡಿಂಗ್ ಹೇಳಿದರು, ಇನ್ನೊಬ್ಬರು ಇಂಗ್ಲಿಷ್ ಹೇಳಿದರು, ಮತ್ತೊಬ್ಬರು ವ್ಯಾನ್ ನಮ್ಮ ಕ್ರಾಸಿನ ತನಕ ಬರುತ್ತದೆ ಅಂದರು. ಹಾಗಾಗಿ ಮಾರ್ಚಿನಿಂದ ಜೂನಿನ ತನಕ ನಾನೇ ತಿರುಗಿದೆ. ನಮ್ಮೂರಿನ ಅಂಗನವಾಡಿ, ಶಿರಸಿ ಪೇಟೆಯ ನಾಲ್ಕು ಕಡೆ. ಅದೇ ಹೊತ್ತಿಗೆ ಕಾರವಾರದಲ್ಲಿರುವ ನನ್ನ ತಂಗಿ ತನ್ನ ಮಗನಿಗಾಗಿ ಅಲ್ಲಿ ತಿರುಗುತ್ತಿದ್ದಳು. ರಾತ್ರಿ ಫೋನಿನಲ್ಲಿ ಇಬ್ಬರೂ ಕಂಡದ್ದನ್ನು ಹೇಳಿಕೊಳ್ಳುತ್ತಿದ್ದೆವು. ಇಲ್ಲಿ ಬರೆಯುತ್ತಿರುವುದು ಆ ಮಾತುಗಳ ಸಾರ. ಮುಂದಿನ ವರ್ಷ ಇದೇ ಗೊಂದಲಕ್ಕೆ ಬೀಳುವವರಿಗೆ ಒಂದೆರಡು ಓಡಾಟವಾದರೂ ಉಳಿಯಲಿ.

ಮೊದಲು ವಯಸ್ಸಿನ ಲೆಕ್ಕ

ಚುರುಕು ಮಗುವಿನ ಅಪ್ಪ-ಅಮ್ಮ ಮೊದಲು ಎಡವುವುದು ಇಲ್ಲೇ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025–26ರಲ್ಲಿ ಒಂದು ವರ್ಷದ ಮಟ್ಟಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಿದ್ದರು ಅಷ್ಟೆ. ಇದೇ ಲೆಕ್ಕದಲ್ಲಿ ಎಲ್‌ಕೆಜಿಗೆ 4, ಯುಕೆಜಿಗೆ 5. ಮಗು ಎಷ್ಟೇ ಬುದ್ಧಿವಂತ ಆಗಿರಲಿ, ಈಗ ಮೂರು ತುಂಬಿದ್ದರೆ ಒಂದನೇ ತರಗತಿಗೆ ಮೂರು ವರ್ಷ ಇದೆ. "ಒಂದು ವರ್ಷ ಮುಂದೆ ಹಾಕಿಕೊಳ್ಳುತ್ತೇವೆ, ಆಮೇಲೆ ಅಡ್ಜಸ್ಟ್ ಮಾಡೋಣ" ಎನ್ನುವವರ ಮಾತಿಗೆ ಮರುಳಾಗಬೇಡಿ. ಕೊನೆಗೆ ಅದೇ ಯುಕೆಜಿಯಲ್ಲಿ ಎರಡು ಸಲ ಕೂತು ಬೇಜಾರು ಪಡುವುದು ಮಗುವೇ.

2020ರ ರಾಷ್ಟ್ರೀಯ ಶಿಕ್ಷಣ ನೀತಿ 3ರಿಂದ 8ರವರೆಗಿನ ವಯಸ್ಸನ್ನು ಒಂದೇ ಘಟ್ಟ ಎಂದು ಹಿಡಿದಿದೆ. ಶಾಲೆಗೆ ಮುಂಚಿನ ಮೂರು ವರ್ಷ, ಒಂದನೇ ಮತ್ತು ಎರಡನೇ ತರಗತಿ, ಇಷ್ಟೂ ಸೇರಿ ತಳಪಾಯ. ಈ ಘಟ್ಟಕ್ಕೆಂದು 2022ರಲ್ಲಿ ಬಂದ ಪಠ್ಯಕ್ರಮದ ಚೌಕಟ್ಟು ಆಟದ ಮೂಲಕ, ಮನೆಮಾತಿನಲ್ಲಿ ಕಲಿಸಿ ಎನ್ನುತ್ತದೆ. ನೀತಿ ಏನು ಹೇಳಿದರೂ ಪೇಟೆಯ ನರ್ಸರಿಗಳಲ್ಲಿ ಮೂರು ವರ್ಷದವರ ಕೈಗೆ ಪೆನ್ಸಿಲ್ ಬಂದಾಗಿದೆ.

ಪೆನ್ಸಿಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಮಣಿಕಟ್ಟಿನಲ್ಲಿ 8 ಪುಟ್ಟ ಎಲುಬುಗಳಿವೆ. ಹುಟ್ಟುವಾಗ ಅವು ಎಲುಬೇ ಅಲ್ಲ, ಬರೀ ಮೆತ್ತೆಲುಬು. ಎಕ್ಸ್‌ರೇ ತೆಗೆದರೆ ಆ ಜಾಗ ಖಾಲಿ ಕಾಣುತ್ತದೆ. ವರ್ಷ ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತ ಬರುತ್ತವೆ. ಮೂರು ವರ್ಷದ ಮಗುವಿನ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಅರ್ಧದಷ್ಟೂ ಕಾಣುವುದಿಲ್ಲ. ಕೊನೆಯ ಎಲುಬು ಮೂಡುವುದು 8ರಿಂದ 12ರ ನಡುವೆ. ಅಂಥ ಕೈಗೆ ದಿನಕ್ಕೆ ಎರಡು ಪುಟ "ಎ" ಬರೆಯಲು ಕೊಟ್ಟರೆ ಕೈ ನೋಯುತ್ತದೆ, ಮಗು ಒಲ್ಲೆ ಅನ್ನುತ್ತದೆ, ಆಗ ಅದಕ್ಕೆ "ಹಟ" ಅಂತ ಹೆಸರು ಬೀಳುತ್ತದೆ. ಆ ಕೈಗೆ ಬೇಕಿರುವುದು ಹಿಟ್ಟು ನಾದುವುದು, ಬಟಾಣಿ ಸುಲಿಯುವುದು, ಬಟ್ಟೆ ಹಿಂಡುವುದು, ಹಗ್ಗ ಹಿಡಿದು ಜೋಲಾಡುವುದು. ಮನಸ್ಸು ನಾಲ್ಕು ವರ್ಷದ್ದಾಗಿ ಕೈ ಎರಡೂವರೆಯದ್ದಾಗಿ ಇರುವುದು ಚುರುಕು ಮಕ್ಕಳಲ್ಲಿ ಎಷ್ಟೋ ಸಲ ಕಾಣುತ್ತದೆ. ಎರಡಕ್ಕೂ ಬೇರೆ ಬೇರೆ ಊಟ ಬೇಕು.

ಅಂಗನವಾಡಿ

ಇದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಆ ತಪ್ಪನ್ನು ನೀವು ಮಾಡಬೇಡಿ.

1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕ್‌ಗಳಲ್ಲಿ ಅಂಗನವಾಡಿ ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಿಂದ ಇದ್ದದ್ದು ತಿರುಮಕೂಡಲು ನರಸೀಪುರ. ಈಗ ಊರಿಗೊಂದು, ಕೇರಿಗೊಂದು ಇದೆ. "ಅಂಗನವಾಡಿ" ಎಂಬ ಮಾತನ್ನು ಕೊಟ್ಟವರು ತಾರಾಬಾಯಿ ಮೋಡಕ್. ಮಹಾರಾಷ್ಟ್ರದ ಬೋರ್ಡಿ, ಕೋಸಬಾಡಗಳಲ್ಲಿ ಅವರೂ ಅನುತಾಯಿ ವಾಘ್ ಅವರೂ ಬಡ ಮಕ್ಕಳ ಅಂಗಳಕ್ಕೇ ಶಾಲೆ ಒಯ್ದರು. ಅಂಗಳದಲ್ಲಿ ಸಿಗುವ ಕಲ್ಲು, ಎಲೆ, ಬೀಜಗಳನ್ನೇ ಪಾಠದ ಸಾಮಾನು ಮಾಡಿದರು. ಅದು ನಮ್ಮ ಜಗಲಿಯ ಅಡಿಕೆ ಸಾಲಿಗೆ ಎಷ್ಟು ಹತ್ತಿರ ನೋಡಿ.

ಒಳ್ಳೆಯ ಅಂಶಗಳು ಹಲವು. ಖರ್ಚಿಲ್ಲ. ಮೂರರಿಂದ ಆರರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ. ಬೇರೆ ಕಡೆ ಇದನ್ನೇ "ಮಿಶ್ರ ವಯೋಮಾನ" ಎಂದು ದುಡ್ಡು ಕೊಟ್ಟು ಕೊಳ್ಳುತ್ತೇವೆ. ಮಗುವಿನ ಮಾತು ಅಕ್ಕೋರಿಗೆ, ಅಂದರೆ ಅಂಗನವಾಡಿ ಟೀಚರಿಗೆ, ಅರ್ಥವಾಗುತ್ತದೆ. ಊಟ ಇದೆ: ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕು ಎಂಬುದು ಲೆಕ್ಕ, ಹಾಲು ಬೇರೆ. ಕಲಿಕೆಗೆ "ಚಿಲಿಪಿಲಿ" ಎಂಬ ಚಟುವಟಿಕೆಯ ಪುಸ್ತಕ ಇದೆ, ವಾರಕ್ಕೊಂದು ವಿಷಯ ಹಿಡಿದು ಹಾಡು, ಕಥೆ, ಆಟ ಮಾಡಿಸುವಂತೆ ಅದನ್ನು ಹೆಣೆದಿದ್ದಾರೆ. 2024ರಲ್ಲಿ ಕೇಂದ್ರ ಸರ್ಕಾರ 3–6ರ ವಯಸ್ಸಿಗೆಂದು "ಆಧಾರಶಿಲಾ" ಎಂಬ ಪಠ್ಯಕ್ರಮವನ್ನೂ ಹೊರಡಿಸಿದೆ.

ಕೊರತೆಗಳೂ ಸಣ್ಣವಲ್ಲ. ಅಕ್ಕೋರು ಒಬ್ಬರೇ, ಕೆಲಸ ಹತ್ತು. ತೂಕ ನೋಡುವುದು, ಮೊಬೈಲಿನ ಪೋಷಣ್ ಟ್ರ್ಯಾಕರ್‌ಗೆ ವಿವರ ತುಂಬುವುದು, ಬಾಣಂತಿಯರ ಮನೆಗೆ ಹೋಗುವುದು, ಲಸಿಕೆ ದಿನ, ಸರ್ವೆ, ಮೀಟಿಂಗು. ನಾನು ಹೋದ ಮೂರು ದಿನಗಳಲ್ಲಿ ಒಂದು ದಿನ ಪೂರ್ತಿ ಅವರು ಫೋನಿನಲ್ಲೇ ಇದ್ದರು, ಸಹಾಯಕಿ ಅಡುಗೆಯಲ್ಲಿ. ಮಕ್ಕಳು ಗೋಡೆಗೆ ಒರಗಿ ಕೂತಿದ್ದರು. ಆ ಒಂದು ದಿನ ಮಾತ್ರ ನೋಡಿದ್ದರೆ ನಾನು ಅತ್ತ ಮತ್ತೆ ಹೋಗುತ್ತಿರಲಿಲ್ಲ.

ಇನ್ನೊಂದು ದಿನ ಜೂನಿನ ಮೊದಲ ದೊಡ್ಡ ಮಳೆ ಬಂದು ಬಿಟ್ಟಿತ್ತು. ಪದ್ಯ ಹೇಳಿಸುವಾಗ ಬಾಗಿಲಿಂದ ಒಂದು ಕಪ್ಪೆ ಒಳಗೆ ಕುಪ್ಪಳಿಸಿತು. ಮಕ್ಕಳೆಲ್ಲ ಎದ್ದರು. ನಾನು, ಈಗ ಗದರುತ್ತಾರೆ ಅಂದುಕೊಂಡೆ. ಅಕ್ಕೋರು ಪದ್ಯ ನಿಲ್ಲಿಸಿ ನೆಲಕ್ಕೆ ಕೂತರು. "ಸುಮ್ಮನೆ ನೋಡಿ. ಅದರ ಗಂಟಲು ಏನು ಮಾಡ್ತಾ ಇದೆ?" ಎಲ್ಲರೂ ಬಗ್ಗಿದರು. ಗಂಟಲು ಪಟಪಟ ಬಡಿಯುತ್ತಿತ್ತು. ಒಬ್ಬ, "ಅದಕ್ಕೆ ಹೆದರಿಕೆ" ಅಂದ. ಇನ್ನೊಬ್ಬಳು, "ನೀರು ಕುಡೀತಾ ಇದೆ" ಅಂದಳು. ನನ್ನ ಮಗಳು, "ಉಸಿರು" ಅಂದಳು. ಅಕ್ಕೋರು ಯಾವುದನ್ನೂ ತಪ್ಪು ಅನ್ನದೆ, "ನಿಮ್ಮ ಗಂಟಲಿಗೆ ಕೈ ಇಟ್ಟು ನೋಡಿ, ಹಾಗೆ ಬಡಿಯುತ್ತದಾ?" ಅಂದರು. ಹದಿಮೂರು ಮಕ್ಕಳು ತಮ್ಮ ತಮ್ಮ ಗಂಟಲು ಹಿಡಿದುಕೊಂಡು ಕೂತಿದ್ದನ್ನು ನಾನು ಮರೆಯಲಾರೆ.

ಅಂದರೆ, ಅಂಗನವಾಡಿ ಎಂದರೆ ಅಲ್ಲಿನ ಅಕ್ಕೋರು. ನಿಮ್ಮ ಕೇರಿಯದ್ದು ಹೇಗಿದೆ ಎಂಬುದು ಪಕ್ಕದೂರಿನದನ್ನು ನೋಡಿ ತಿಳಿಯುವುದಿಲ್ಲ. ಕಡಿಮೆಯೆಂದರೆ ಮೂರು ದಿನ, ಬೇರೆ ಬೇರೆ ವಾರಗಳಲ್ಲಿ ಹೋಗಿ.

ಮಾಂಟೆಸರಿ

ಶಿರಸಿಯ ಹಾಗಿನ ಊರುಗಳಲ್ಲೂ ಈಗ ಈ ಬೋರ್ಡು ಕಾಣುತ್ತದೆ. ಬೋರ್ಡು ನೋಡಿ ನಂಬಬೇಡಿ, ಆ ಹೆಸರು ಯಾರ ಸ್ವತ್ತೂ ಅಲ್ಲ. ಯಾರು ಬೇಕಾದರೂ ಬಾಗಿಲ ಮೇಲೆ ಬರೆಸಬಹುದು.

ನಿಜವಾದದ್ದು ಏನು ಅಂತ ಗೊತ್ತಿದ್ದರೆ ಗುರುತಿಸುವುದು ಸುಲಭ. ಇಟಲಿಯ ವೈದ್ಯೆ ಮರಿಯಾ ಮಾಂಟೆಸರಿ 1907ರ ಜನವರಿ 6ರಂದು ರೋಮ್‌ನ ಕೂಲಿಕಾರರ ಕೇರಿಯಲ್ಲಿ ತಮ್ಮ ಮೊದಲ "ಮಕ್ಕಳ ಮನೆ" ತೆರೆದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಯುದ್ಧದಿಂದಾಗಿ ಇಲ್ಲೇ ಉಳಿದರು. 1942ರಿಂದ 44ರವರೆಗೆ ಕೊಡೈಕೆನಾಲ್‌ನಲ್ಲಿದ್ದರು. ಭಾರತದ ನೂರಾರು ಶಿಕ್ಷಕರು ನೇರ ಅವರ ಕೈಕೆಳಗೆ ತರಬೇತಾದರು.

ಸಾಮಾನುಗಳನ್ನು ನೋಡಿದಾಗ ನನಗೆ ಜಗಲಿ ನೆನಪಾಯಿತು. ಗುಲಾಬಿ ಗೋಪುರ ಎಂದರೆ ಹತ್ತು ಮರದ ಘನಗಳು, 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗೆ. ಮಗು ದೊಡ್ಡದರ ಮೇಲೆ ಸಣ್ಣದಿಟ್ಟು ಕಟ್ಟುತ್ತ ಹೋಗಬೇಕು. ಸಂಖ್ಯೆಯ ಕೋಲುಗಳು ಹತ್ತು ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ. "ಹತ್ತು" ಎಂದರೆ "ಒಂದ"ಕ್ಕಿಂತ ಎಷ್ಟು ಉದ್ದ ಎಂಬುದು ಬಾಯಿಪಾಠವಾಗುವ ಮೊದಲು ತೋಳಿಗೆ ಗೊತ್ತಾಗುತ್ತದೆ. ಹಿಡಿಕೆಯಿರುವ ಉರುಳೆಗಳಿವೆ, ಒಂದನ್ನು ತಪ್ಪು ಕುಳಿಗೆ ಇಟ್ಟರೆ ಕೊನೆಯದಕ್ಕೆ ಜಾಗ ಸಿಗುವುದಿಲ್ಲ. ತಪ್ಪಾಯಿತು ಅಂತ ಟೀಚರ್ ಹೇಳಬೇಕಿಲ್ಲ, ಮರವೇ ಹೇಳುತ್ತದೆ. ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವ ಈ ಸುಖ ಚುರುಕು ಮಗುವಿಗೆ ಬಹಳ ದೊಡ್ಡದು. ಅಕ್ಷರಕ್ಕೂ ಮೊದಲು ಪೆನ್ಸಿಲ್ ಬರುವುದಿಲ್ಲ, ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳು ಓಡಿಸುತ್ತಾರೆ. ಕನ್ನಡದ ಉಪ್ಪುಕಾಗದದ ಅಕ್ಷರಗಳು ಇವೆಯೇ ಎಂದು ಕೇಳಿ. ಇಂಗ್ಲಿಷ್ ಮಾತ್ರ ಇದ್ದರೆ, ಅವರು ಈ ಪದ್ಧತಿಯ ಸಾಮಾನು ಕೊಂಡಿದ್ದಾರೆ, ಪದ್ಧತಿಯನ್ನಲ್ಲ.

ಪರೀಕ್ಷಿಸುವುದು ಹೀಗೆ. ಸಾಮಾನು ಮಗುವಿನ ಎತ್ತರದ ತೆರೆದ ಕಪಾಟಿನಲ್ಲಿ ಇರಬೇಕು. ಎರಡೂವರೆಯಿಂದ ಆರರ ಮಕ್ಕಳು ಒಟ್ಟಿಗೆ ಇರಬೇಕು. ಬೆಳಗ್ಗೆ ಎರಡೂವರೆ-ಮೂರು ಗಂಟೆ ಬೆಲ್ ಇಲ್ಲದ ಹೊತ್ತು ಇರಬೇಕು, ಆಗ ಯಾವ ಮಗು ಏನು ತೆಗೆದುಕೊಳ್ಳುತ್ತದೆ ಎಂಬುದು ಆ ಮಗುವಿಗೆ ಬಿಟ್ಟದ್ದು. ಟೀಚರ್ ಎಲ್ಲಿ, ಎಷ್ಟು ತಿಂಗಳು ತರಬೇತಿ ಪಡೆದರು ಎಂದು ನೇರವಾಗಿ ಕೇಳಿ, ತಿಳಿದವರು ಬೇಸರ ಮಾಡಿಕೊಳ್ಳುವುದಿಲ್ಲ. ನಾನು ನೋಡಿದ ಒಂದು ಕಡೆ ಗುಲಾಬಿ ಗೋಪುರ ಬೀಗ ಹಾಕಿದ ಗಾಜಿನ ಬೀರುವಿನಲ್ಲಿತ್ತು. "ಗುರುವಾರ ಮಾಂಟೆಸರಿ ಪೀರಿಯಡ್ ಇದೆ, ಆಗ ತೆಗೆಯುತ್ತೇವೆ" ಅಂದರು. ಎಲ್ಲ ಘನಗಳ ಮೂಲೆಯೂ ಹೊಸದರಷ್ಟೇ ಚೂಪಾಗಿದ್ದವು. ಮತ್ತೊಂದು ಕಡೆ ಅವೇ ಘನಗಳ ಬಣ್ಣ ಮಕ್ಕಳ ಬೆರಳಿಗೆ ಸವೆದು ಅಂಚುಗಳಲ್ಲಿ ಮರ ಕಾಣುತ್ತಿತ್ತು. ಅಲ್ಲಿ ನಾನು ಒಂದೂವರೆ ಗಂಟೆ ಕೂತೆ, ಒಂದೇ ಒಂದು ಸಲ ದನಿ ಏರಿದ್ದು ಕೇಳಲಿಲ್ಲ.

ಒಂದು ಆಕ್ಷೇಪ ನನಗಿದೆ. ಕೆಲವು ಕಡೆ ಈ ಪದ್ಧತಿಯನ್ನು ಮಡಿಯಂತೆ ಪಾಲಿಸುತ್ತಾರೆ. ಘನಗಳನ್ನು ರೈಲು ಮಾಡಿದ ಹುಡುಗನಿಂದ ಮೆತ್ತಗೆ ಕಸಿದು ಒಳಗಿಟ್ಟರು. ಮನೆಯಾಟ, ಯಕ್ಷಗಾನದ ವೇಷ, ಸುಳ್ಳುಸುಳ್ಳು ಅಡುಗೆ ಇಲ್ಲದೆ ಬಳಲುವ ಮಕ್ಕಳಿದ್ದಾರೆ. ನಿಮ್ಮದು ದಿನವಿಡೀ ಕಥೆ ಕಟ್ಟುವ ಮಗುವಾದರೆ, ಇಲ್ಲಿ ಕಥೆಗೆ ಯಾವ ಹೊತ್ತು ಇದೆ ಅಂತ ಕೇಳಿಯೇ ಸೇರಿಸಿ.

ದೊಡ್ಡ ಶಾಲೆಯೊಳಗಿನ ನರ್ಸರಿ

ಇದರ ದೊಡ್ಡ ಆಕರ್ಷಣೆ ಮುಂದಿನ ಸೀಟು. ಇಲ್ಲಿ ಸೇರಿದರೆ ಹತ್ತನೇ ತರಗತಿಯ ತನಕ ಚಿಂತೆಯಿಲ್ಲ ಎಂಬ ನೆಮ್ಮದಿ. ವ್ಯಾನ್ ಬರುತ್ತದೆ, ಮೈದಾನ ಇರುತ್ತದೆ, ವಾರ್ಷಿಕೋತ್ಸವ ಆಗುತ್ತದೆ. ಕೆಲಸಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೆ ಇದು ಸಣ್ಣ ಅನುಕೂಲವಲ್ಲ, ಅದಕ್ಕಾಗಿ ಯಾರೂ ತಪ್ಪಿತಸ್ಥ ಭಾವ ಇಟ್ಟುಕೊಳ್ಳಬೇಕಿಲ್ಲ.

ಆದರೆ ನಮಗೆ ಅಲ್ಲಿ ಆದದ್ದು ಹೇಳುತ್ತೇನೆ. ಏಪ್ರಿಲ್‌ನಲ್ಲಿ ಒಂದು ಶಾಲೆಯವರು ಮಗಳನ್ನು ಅರ್ಧ ದಿನ ಕೂರಿಸಿ ನೋಡಿದರು. ಎಲೆಯ ಚಿತ್ರ ಕೊಟ್ಟು ಬಣ್ಣ ಹಚ್ಚಲು ಹೇಳಿದರು. ಇವಳು ಕೆಂಪು ಹಚ್ಚಿದಳು. ಟೀಚರ್ ಅದರ ಮೇಲೆ ಅಡ್ಡಗೆರೆ ಎಳೆದು, ಹಸಿರು ಕ್ರೇಯಾನ್ ಕೈಗಿಟ್ಟು, "ಲೀಫ್ ಈಸ್ ಗ್ರೀನ್" ಅಂತ ಮೂರು ಸಲ ಹೇಳಿಸಿದರು. ನಮ್ಮ ಹಿತ್ತಿಲ ದಾಲ್ಚಿನ್ನಿ ಮರ ಆ ವಾರವಷ್ಟೇ ಚಿಗುರಿತ್ತು. ದಾಲ್ಚಿನ್ನಿಯ ಚಿಗುರು ಕೆಂಪು, ಬಲಿತ ಮೇಲೆ ಹಸಿರಾಗುತ್ತದೆ. ಮಗಳು ಕಂಡದ್ದನ್ನೇ ಹಚ್ಚಿದ್ದಳು. ಮನೆಗೆ ಬಂದು ಮರದ ಕೆಳಗೆ ನಿಂತು, "ಇದು ಲೀಫ್ ಅಲ್ದಾ?" ಅಂತ ಕೇಳಿದಾಗ ನನಗೆ ಗಂಟಲು ಕಟ್ಟಿತು. ಆ ಟೀಚರ್ ಕೆಟ್ಟವರಲ್ಲ. ಅವರ ಎದುರು ಮೂವತ್ತಕ್ಕೂ ಹೆಚ್ಚು ಮಕ್ಕಳಿದ್ದರು, "ಯಾಕೆ ಕೆಂಪು?" ಎಂದು ಕೇಳಲು ಅವರಿಗೆ ಹೊತ್ತಿರಲಿಲ್ಲ. 2013ರ ರಾಷ್ಟ್ರೀಯ ನೀತಿಯ ಪ್ರಕಾರ 3ರಿಂದ 6ರ ಮಕ್ಕಳಿಗೆ 20ಕ್ಕೆ ಒಬ್ಬರು ದೊಡ್ಡವರು, ಮೂರಕ್ಕಿಂತ ಕೆಳಗಿದ್ದರೆ 10ಕ್ಕೆ ಒಬ್ಬರು ಇರಬೇಕು. ಕೋಣೆಯೊಳಗೆ ಹೋಗಿ ನೀವೇ ತಲೆ ಎಣಿಸಿ, ಆಫೀಸಿನಲ್ಲಿ ಹೇಳುವ ಸಂಖ್ಯೆ ಸಾಲದು.

ಇಂಥ ಕಡೆಯೂ ಒಳ್ಳೆಯ ಟೀಚರ್ ಸಿಗಬಹುದು. ಮಗು ಯಾವ ಸೆಕ್ಷನ್‌ಗೆ, ಯಾರ ಕೈಗೆ ಹೋಗುತ್ತದೆ ಎಂಬುದನ್ನು ಫೀ ಕಟ್ಟುವ ಮೊದಲೇ ತಿಳಿಯಿರಿ.

ಬ್ರ್ಯಾಂಡಿನ ಪ್ಲೇ ಸ್ಕೂಲು

ಸ್ವಚ್ಛತೆ, ಕಡಿಮೆ ಮಕ್ಕಳು, ಇಬ್ಬರು ಆಯಾ, ಸಿಸಿ ಕ್ಯಾಮೆರಾ. ಎರಡೂವರೆ ವರ್ಷದ ಮಗುವನ್ನು ಕೆಲವು ಗಂಟೆ ಬಿಟ್ಟುಹೋಗಬೇಕಾದವರಿಗೆ ಇದು ಸುರಕ್ಷಿತ ಜಾಗ. ನಾವು ನೋಡಿದ ಕಡೆಗಳಲ್ಲಿ ನನಗೆ ಹಿಡಿಸದ್ದು ಟೀವಿ. ರೈಮ್ಸ್ ಎಂದರೆ ಗೋಡೆಯ ಪರದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, 2ರಿಂದ 4 ವರ್ಷದ ಮಕ್ಕಳಿಗೆ ಇಡೀ ದಿನಕ್ಕೆ ಪರದೆಯ ಮುಂದೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು, ಮೈ ಕುಣಿಸುವ ಆಟ ದಿನಕ್ಕೆ 180 ನಿಮಿಷವಾದರೂ ಬೇಕು ಎಂದು. ಪ್ಲಾಸ್ಟಿಕ್ ಜಾರುಬಂಡಿ ಇರುವ ಹಾಲ್‌ನಲ್ಲಿ ಅಷ್ಟು ಓಡಾಟ ಆಗುವುದಿಲ್ಲ. ಹೊರಗೆ ಮಣ್ಣು ಇದೆಯೇ ನೋಡಿ.

ಕಾರವಾರದಲ್ಲಿ ತಂಗಿ ಕಂಡದ್ದು

ಕಾರವಾರದಲ್ಲಿ ಮೊದಲ ಪ್ರಶ್ನೆ ಭಾಷೆಯದ್ದು. ತಂಗಿಯ ಮನೆಯಲ್ಲಿ ಅತ್ತೆ ಕೊಂಕಣಿ, ತಂಗಿ ಕನ್ನಡ, ಪಕ್ಕದ ಮನೆ ಮರಾಠಿ. ನೌಕಾನೆಲೆಯವರ ಮತ್ತು ಕೈಗಾದವರ ಮಕ್ಕಳು ಇರುವ ಕಡೆ ಆಟದ ಭಾಷೆ ಹಿಂದಿ. ಇಷ್ಟರ ಮೇಲೆ ಇಂಗ್ಲಿಷ್ ಬಂದರೆ ಮಗುವಿಗೆ ಗೊಂದಲ ಅಂತ ಹಲವರು ಹೆದರಿಸಿದರು. ಭಾಷೆಗಳು ಹೆಚ್ಚಾದುದರಿಂದ ಮಕ್ಕಳು ಕೆಡುವುದಿಲ್ಲ. ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದು ಕಲಿಕೆಯ ಒಂದು ದಾರಿ, ಮಂದಬುದ್ಧಿಯ ಲಕ್ಷಣ ಅಲ್ಲ. ನೋಡಬೇಕಾದ್ದು ಇಷ್ಟೇ: ಮಗು ಕೊಂಕಣಿಯಲ್ಲಿ ಕೇಳಿದ್ದು ಅಲ್ಲಿ ಯಾರಿಗಾದರೂ ಅರ್ಥವಾಗುತ್ತದೆಯೇ? ಪ್ರಶ್ನೆ ಕೇಳಲು ಶಬ್ದ ಇಲ್ಲದ ಕಡೆ ಎಂಥ ಚುರುಕು ಮಗುವೂ ಮಂಕಾಗಿ ಕಾಣುತ್ತದೆ.

ತಂಗಿಯ ಮಗನ ಹುಚ್ಚು ಸಮುದ್ರ. ಟಾಗೋರ್ ಕಡಲತೀರದ ಯುದ್ಧನೌಕೆ ವಸ್ತುಸಂಗ್ರಹಾಲಯಕ್ಕೆ ಹೋಗಿ ಚಪಲ್ ಹಡಗನ್ನು ಅವನು ಎಷ್ಟು ಸಲ ಸುತ್ತಿದ್ದಾನೋ. ಒಂದು ದಿನ ಇಳಿತದ ಹೊತ್ತಿಗೆ ತೀರಕ್ಕೆ ಹೋದಾಗ, ನಿನ್ನೆ ನೀರಿದ್ದ ಜಾಗದಲ್ಲಿ ಒದ್ದೆ ಮರಳು ಮಾತ್ರ. "ಉದಾಕ್ ಖಂಯ್ ಗೆಲೆಂ?" ಅಂತ ಕೇಳಿದ. ನೀರು ಎಲ್ಲಿಗೆ ಹೋಯಿತು? ತಂಗಿ ಅವನನ್ನು ಕರೆದುಕೊಂಡು ಹೋದಲ್ಲೆಲ್ಲ ಅವನು ಇದೇ ಪ್ರಶ್ನೆ ಎಸೆದ. ಒಂದು ಕಡೆ ಟೀಚರ್ ನಕ್ಕು, "ಸೋ ಸ್ವೀಟ್" ಅಂದು ಮುಂದಿನ ಮಗುವಿನತ್ತ ತಿರುಗಿದರು. ಇನ್ನೊಂದು ಕಡೆ, "ಅದೆಲ್ಲ ದೊಡ್ಡ ಕ್ಲಾಸಿನಲ್ಲಿ ಬರುತ್ತದೆ" ಎಂಬ ಉತ್ತರ. ಮೂರನೆಯದು ಒಬ್ಬ ಹೆಂಗಸು ತಮ್ಮ ಮನೆಯ ಕೆಳಗಿನ ಎರಡು ಕೋಣೆಯಲ್ಲಿ ಹದಿನಾಲ್ಕು ಮಕ್ಕಳಿಗೆ ನಡೆಸುವ ಶಿಶುವಿಹಾರ. ಅವರು ಅವನ ಎತ್ತರಕ್ಕೆ ಬಗ್ಗಿ, ಕೊಂಕಣಿಯಲ್ಲೇ, "ನಂಗೂ ನೋಡಬೇಕು. ಇವತ್ತು ಸಂಜೆ ನೀರು ಇರುವಲ್ಲಿ ಒಂದು ಕೋಲು ನೆಟ್ಟು ಬಾ, ನಾಳೆ ಅದೇ ಹೊತ್ತಿಗೆ ಹೋಗಿ ಕೋಲು ಎಲ್ಲಿದೆ ನೋಡಿ ನನಗೆ ಹೇಳ್ತೀಯಾ?" ಅಂದರು. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ನೀರು ಒಂದು ದಿನ ಇದ್ದಲ್ಲಿ ಮರುದಿನ ಅದೇ ಹೊತ್ತಿಗೆ ಇರುವುದಿಲ್ಲ. ಮೂರು ವರ್ಷದ ಹುಡುಗನಿಗೆ ಇದು ತಿಳಿಯಬೇಕಿಲ್ಲ. ಆದರೆ ಅವನು ಆರು ಸಂಜೆ ಕೋಲು ನೆಟ್ಟ, ಆರು ಬೆಳಗ್ಗೆ ಅವರಿಗೆ ವರದಿ ಒಪ್ಪಿಸಿದ. ಅಲ್ಲಿ ಟೈಲ್ಸ್ ಇಲ್ಲ, ಯೂನಿಫಾರ್ಮ್ ಇಲ್ಲ, ಶೌಚಾಲಯ ಮಾತ್ರ ಬಹಳ ಸ್ವಚ್ಛವಾಗಿದೆ. ತಂಗಿ ಅಲ್ಲಿಗೇ ಸೇರಿಸಿದಳು.

ಪ್ರಶ್ನೆಗೆ ಅಲ್ಲಿ ಏನಾಗುತ್ತದೆ, ನಾನು ಈಗ ಎಲ್ಲ ಕಡೆ ನೋಡುವುದು ಇದನ್ನೇ. ಉತ್ತರ ಸಿಗದಿದ್ದರೂ ಅಡ್ಡಿಯಿಲ್ಲ, ಕಪ್ಪೆಯ ಗಂಟಲ ಹಾಗೆ, ಕೋಲಿನ ಹಾಗೆ, ಮಗುವಿಗೆ ಮಾಡಲು ಏನೋ ಒಂದು ಸಿಗಬೇಕು.

ಒಂದು ಗಂಟೆ ಕೂತು ನೋಡುವಾಗ

ಕಟ್ಟಡ ತೋರಿಸಲು ಬಿಡಬೇಡಿ, ಒಂದು ಮೂಲೆಯಲ್ಲಿ ಕೂರಲು ಕೇಳಿ. ಒಪ್ಪದಿದ್ದರೆ ಅದೇ ಒಂದು ಉತ್ತರ.

ಚುರುಕು ಮಗುವಿನ ಮಟ್ಟಿಗೆ ಮುಖ್ಯವಾದದ್ದು, ಕೆಲಸ ಬೇಗ ಮುಗಿಸಿದ ಮಗು ಆಮೇಲೆ ಏನು ಮಾಡುತ್ತದೆ ಎಂಬುದು. ಒಂದು ನರ್ಸರಿಯಲ್ಲಿ ಅಂಥ ಹುಡುಗನಿಗೆ "ಫಿಂಗರ್ ಆನ್ ಯುವರ್ ಲಿಪ್ಸ್" ಆಯಿತು, ಹದಿನೈದು ನಿಮಿಷ. ಮಾಂಟೆಸರಿಯಲ್ಲಿ ಅಂಥ ಇನ್ನೊಬ್ಬ ತಾನೇ ಎದ್ದು ಸಾಮಾನು ಜಾಗಕ್ಕಿಟ್ಟು ಮುಂದಿನದನ್ನು ತಂದ. ಅಂಗನವಾಡಿಯಲ್ಲಿ ಅಕ್ಕೋರು ಅಂಥ ಹುಡುಗಿಯೊಬ್ಬಳನ್ನು ಎಳೆಯ ಮಗುವಿನ ಪಕ್ಕ ಕೂರಿಸಿ "ನೀ ತೋರಿಸಿಕೊಡು" ಅಂದರು. ಎರಡನೆಯದೂ ಮೂರನೆಯದೂ ಒಳ್ಳೆಯದೇ, ಆದರೆ ದಿನವೂ ಮೂರನೆಯದೇ ಆದರೆ ಆ ಮಗುವಿಗೆ ಹೊಸದು ಸಿಗುವುದಿಲ್ಲ. ಅಳುವ ಮಗುವಿನ ಹತ್ತಿರ ಯಾರು ಹೋಗುತ್ತಾರೆ ನೋಡಿ. ಗೋಡೆಯ ಮೇಲಿನ ಚಿತ್ರಗಳು ಒಂದೇ ತರಹ ಇದ್ದರೆ ಅವು ಟೀಚರ್ ಬಿಡಿಸಿದವು.

ಇನ್ನೊಂದು ಎಚ್ಚರ. ಎರಡೂವರೆಗೇ ಅಕ್ಷರ, ಅಂಕಿ ಎಲ್ಲ ಓದುತ್ತದೆ, ಆದರೆ ಹೆಸರು ಕರೆದರೆ ತಿರುಗುವುದಿಲ್ಲ, ಬೇಕಾದ್ದನ್ನು ಬೆರಳು ಮಾಡಿ ತೋರಿಸುವುದಿಲ್ಲ, ಎದುರಿನವರೊಡನೆ ಮಾತು ಬೆಳೆಸುವುದಿಲ್ಲ ಎಂದರೆ, ಶಾಲೆ ಹುಡುಕುವ ಮೊದಲು ಮಕ್ಕಳ ಡಾಕ್ಟರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. "ಬುದ್ಧಿವಂತ, ಮಾತು ಆಮೇಲೆ ಬರುತ್ತದೆ" ಅಂತ ಕಾಯುವುದು ಸರಿಯಲ್ಲ.

ಮಳೆ, ದಾರಿ, ನಿದ್ದೆ

ನಮ್ಮ ಸೀಮೆಯಲ್ಲಿ ಇದನ್ನು ಬಿಟ್ಟು ಲೆಕ್ಕ ಹಾಕುವಂತಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲೂ ಕರಾವಳಿಯಲ್ಲೂ ಮಳೆ ಹಿಡಿದರೆ ಬಿಡುವುದಿಲ್ಲ, ಕೆಂಪು ಎಚ್ಚರಿಕೆ ಬಂದ ದಿನ ಜಿಲ್ಲಾಧಿಕಾರಿ ಅಂಗನವಾಡಿಗೂ ರಜೆ ಕೊಡುತ್ತಾರೆ. ಪೇಟೆಯ ಮಾಂಟೆಸರಿ ಎಷ್ಟೇ ಚೆನ್ನಾಗಿರಲಿ, ನಮ್ಮ ಹಳ್ಳಿಯಿಂದ ವ್ಯಾನ್ ಎಲ್ಲ ಕೇರಿ ಸುತ್ತಿ ಶಿರಸಿಯ ಯಲ್ಲಾಪುರ ನಾಕಾ ಮುಟ್ಟಲು ಮುಕ್ಕಾಲು ಗಂಟೆ. ಅದಕ್ಕಾಗಿ ಮಗುವನ್ನು ಆರೂವರೆಗೆ ಎಬ್ಬಿಸಬೇಕು. 3–4 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ಮಗುವಿಗೆ ಯಾವ ಗುಲಾಬಿ ಗೋಪುರವೂ ಹಿಡಿಸದು. ಮೂರು ವರ್ಷಕ್ಕೆ ಒಂದು ಕಡೆಗೆ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಪ್ರಯಾಣ ಬೇಡ ಎಂಬುದು ನನ್ನ ಮಿತಿ. ಒದ್ದೆಯಾದರೆ ಬದಲಿ ಬಟ್ಟೆ ಹಾಕುವವರು ಯಾರು, ಹೊರಗಿನ ಆಟ ಮಳೆಗಾಲದಲ್ಲಿ ಎಲ್ಲಿ ನಡೆಯುತ್ತದೆ ಎಂಬುದನ್ನೂ ಕೇಳಿ. ನಾಲ್ಕು ತಿಂಗಳು ಆಟವೇ ಇಲ್ಲ ಎನ್ನುವ ಕಡೆಗಳೂ ಇವೆ.

ಇನ್ನೊಂದು ವರ್ಷ ಮನೆಯಲ್ಲೇ ಇಟ್ಟುಕೊಂಡರೇನು? ಅಜ್ಜ-ಅಜ್ಜಿ, ತೋಟ, ಕೊಟ್ಟಿಗೆ ಇರುವ ಮನೆಯಲ್ಲಿ ನೋಡಲು, ಮುಟ್ಟಲು ಬೇಕಾದಷ್ಟಿದೆ. ಇಲ್ಲದ್ದು ಮಕ್ಕಳು. ನಮ್ಮ ಕೇರಿಯ ಒಂಬತ್ತು ಮನೆಗಳಲ್ಲಿ ಆರರಲ್ಲಿ ವಯಸ್ಸಾದವರು ಇಬ್ಬಿಬ್ಬರೇ, ಮಕ್ಕಳು-ಮೊಮ್ಮಕ್ಕಳು ಬೆಂಗಳೂರು. ದಿನವಿಡೀ ದೊಡ್ಡವರ ಜೊತೆ ಮಾತಾಡಿದ ನನ್ನ ಮಗಳು ದೊಡ್ಡವರ ಹಾಗೆ ವಾದಿಸುತ್ತಾಳೆ, ಆದರೆ ಜೋಕಾಲಿಯ ಸರದಿ ಕಾಯಲು ಬರುತ್ತಿರಲಿಲ್ಲ. ಮೂರು ದಾಟಿದ ಮೇಲೆ ಆ ಕಲಿಕೆಗೆ ಬೇರೆ ಮಕ್ಕಳೇ ಬೇಕು.

ನಾವು ಈ ವರ್ಷಕ್ಕೆ ಅಂಗನವಾಡಿ ಆರಿಸಿದೆವು. ನಡೆದು ಹೋದರೆ ಎಂಟು ನಿಮಿಷ. ಮೀಟಿಂಗ್ ಇರುವ ದಿನಗಳನ್ನು ಅಕ್ಕೋರು ಮುಂಚೆಯೇ ತಿಳಿಸುತ್ತಾರೆ, ಆ ದಿನ ನಾನೋ ಇನ್ನೊಬ್ಬ ತಾಯಿಯೋ ಹೋಗಿ ಕಥೆ ಹೇಳುತ್ತೇವೆ. ಅಂಗನವಾಡಿಗೆಂದು ಊರವರೇ ಇರುವ ಬಾಲವಿಕಾಸ ಸಮಿತಿಯಲ್ಲಿ ಇದನ್ನು ಮಾತಾಡಿ ಒಪ್ಪಿಸಿದ್ದು. ಇಂಥದ್ದಕ್ಕೆ ಅಂಗನವಾಡಿಯಷ್ಟು ಬಾಗಿಲು ತೆರೆದ ಜಾಗ ಬೇರೆ ಇಲ್ಲ. ನಾಲ್ಕು ತುಂಬಿದ ಮೇಲೆ, ದಾರಿಯ ಸುಸ್ತು ತಡೆಯುವಂತಾದರೆ, ಬಣ್ಣ ಸವೆದ ಘನಗಳಿದ್ದ ಆ ಮಾಂಟೆಸರಿಗೆ ಮತ್ತೊಮ್ಮೆ ಹೋಗಿ ಕೂರುತ್ತೇನೆ. ಅಲ್ಲಿ ಕಥೆಗೆ ಹೊತ್ತಿದೆಯೇ ಎಂಬ ಪ್ರಶ್ನೆ ಇನ್ನೂ ಬಾಕಿ ಇದೆ.

ಜುಲೈಯಲ್ಲಿ ಮಗಳು ಆ ಹನ್ನೊಂದು ಅಡಿಕೆಯನ್ನು ಫ್ರಾಕಿನ ಕಿಸೆಯಲ್ಲಿ ತುಂಬಿಕೊಂಡು ಹೋಗಿದ್ದಳು. ಬಾಯಿಗೆ ಹಾಕುವ ಎಳೆಯರಿದ್ದಾರೆ ಅಂತ ಅಕ್ಕೋರು ಅವನ್ನು ಎತ್ತರದ ಕಿಟಕಿಕಟ್ಟೆಯ ಮೇಲೆ ಡಬ್ಬಿಯಲ್ಲಿಟ್ಟಿದ್ದಾರೆ. ದೊಡ್ಡ ಮಕ್ಕಳು ಕೇಳಿದಾಗ ಇಳಿಸಿ ಕೊಡುತ್ತಾರೆ. ಮೊನ್ನೆ ಕರೆತರಲು ಹೋದಾಗ ಐದು ವರ್ಷದ ಹುಡುಗನೊಬ್ಬ ಅವನ್ನು ಸಾಲಾಗಿಟ್ಟು ಮುಗಿಸಿ, ಆ ಎರಡು ಒಂದೇ ಗಾತ್ರದವನ್ನು ಕೈಯಲ್ಲಿ ಹಿಡಿದು, ನನ್ನ ಮಗಳಿಗೆ ಕೇಳುತ್ತಿದ್ದ: "ಇದ್ರಲ್ಲಿ ಯಾವ್ದು ಭಾರ?"